ಹಿಟ್ ಹಾಡು ಮತ್ತು ಅದರ ಕಾಲ

ಪ್ರಶ್ನೆ: ಜನಪ್ರಿಯ ಹಾಡುಗಳು ತಮ್ಮ ಕಾಲದ ಸಮಾಜವನ್ನು ನಿಜಕ್ಕೂ ಬಿಂಬಿಸುತ್ತವೆಯೇ, ಅಥವಾ ಅದು ನಾವು ಆಮೇಲೆ ಹೊರಿಸುವ ಅರ್ಥವೇ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಎರಡೂ ಹೌದು, ಆದರೆ ಮೊದಲನೆಯದರ ಪಾಲೇ ಹೆಚ್ಚೆಂದು ನನ್ನ ಎಣಿಕೆ. 1972ರ ‘ಬಂಗಾರದ ಮನುಷ್ಯ’ ಚಿತ್ರದ ‘ಆಗದು ಎಂದು’ ಹಾಡನ್ನೇ ಗಮನಿಸಿ. ಸಿನಿಮಾ ಹಾಡಿನೊಳಗೆ ವಿಶ್ವೇಶ್ವರಯ್ಯನವರೂ ಕನ್ನಂಬಾಡಿ ಕಟ್ಟೆಯೂ ಸಹಜವಾಗಿ ಬಂದು ಕೂರಬೇಕಾದರೆ, ಅಣೆಕಟ್ಟು, ಪಂಪ್‌ಸೆಟ್, ಸುಧಾರಿತ ಬೀಜಗಳಲ್ಲಿ ನಾಡಿನ ಭವಿಷ್ಯವನ್ನು ಕಾಣುತ್ತಿದ್ದ ಹಸಿರು ಕ್ರಾಂತಿಯ ದಿನಗಳೇ ಬೇಕಿತ್ತು. ಮರುವರ್ಷದ ‘ಗಂಧದ ಗುಡಿ’ಯ ನಾಯಕ ಅರಣ್ಯಾಧಿಕಾರಿ; ಬಂಡೀಪುರ ಹುಲಿ ಯೋಜನೆಗೆ ಸೇರಿದ್ದೂ, ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾದದ್ದೂ ಅದೇ 1973ರಲ್ಲಿ. ಆ ಚಿತ್ರದ ನಾಡಗೀತೆಯಂಥ ಹಾಡು ‘ನಾವಾಡುವ ನುಡಿಯೇ ಕನ್ನಡ ನುಡಿ’ ಈಗಲೂ ರಾಜ್ಯೋತ್ಸವದಂದು ಬೆಂಗಳೂರಿನ ಆಟೊ ನಿಲ್ದಾಣಗಳಲ್ಲಿ, ಧ್ವಜದ ಕೆಳಗಿಟ್ಟ ಸ್ಪೀಕರಿನಿಂದ, ಕಿವಿ ಗಡಚಿಕ್ಕುವಂತೆ ಮೊಳಗುತ್ತದೆ.

ಹಾಡು ಕೇಳಿಸುವ ಸಾಧನವೂ ಕಾಲದ ಗುರುತೇ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಸಭಾಂಗಣದಿಂದ ನಡುಮನೆಗೆ ಇಳಿಯಿತು. (ಸಡಿಲವಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ.)

ಆದರೂ ಹಿಟ್ ಹಾಡುಗಳ ಪಟ್ಟಿಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 1980–81ರಲ್ಲಿ ನಡೆಸಿದ ದೀರ್ಘ ಮುಷ್ಕರದ ಸದ್ದನ್ನು ಆ ವರ್ಷಗಳ ಪ್ರೇಮಗೀತೆಗಳಲ್ಲಿ ಹುಡುಕುವುದು ವ್ಯರ್ಥ. ದಲಿತ ಕವಿ ಸಿದ್ಧಲಿಂಗಯ್ಯನವರ ಹಾಡುಗಳಂತೂ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ಬಾಯಿಂದ ಬಾಯಿಗೆ ಹಬ್ಬಿದಂಥವು.