ಎಂಜಲಿನ ಪರೀಕ್ಷೆ ಬಯಾಪ್ಸಿಗೆ ಬದಲಿಯಾದೀತೇ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಮೂವತ್ತು ವರ್ಷಗಳಿಂದ ಹೊಗೆಸೊಪ್ಪು ಹಾಕಿ ಕವಳ ಜಗಿಯುತ್ತಾರೆ. ಕೆನ್ನೆಯ ಒಳಗಿನ ಬಿಳಿ ಮಚ್ಚೆಯ ಬಯಾಪ್ಸಿ ಮಾಡಿಸಿದಾಗ ಅಲ್ಪ ಪ್ರಮಾಣದ ಡಿಸ್‌ಪ್ಲೇಸಿಯಾ (ಜೀವಕೋಶಗಳ ಅಸಹಜ ಬದಲಾವಣೆ) ಇದೆ, ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ಅದು ಮುಂದೆ ಕ್ಯಾನ್ಸರ್ ಆಗುವುದೋ ಇಲ್ಲವೋ ಎಂಬುದನ್ನು ಎಂಜಲಿನ ಮೈಕ್ರೊಆರ್‌ಎನ್‌ಎಗಳಿಂದ ತಿಳಿಯಬಹುದೆಂದು ಓದಿದೆ. ಆ ಪರೀಕ್ಷೆ ಮಾಡಿಸಬಹುದೇ? ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ ತೊಂದರೆ ಇಲ್ಲವೇ?
– ಓದುಗರು, ಸಾಗರ

ಉತ್ತರ: ನೀವು ಓದಿದ್ದರಲ್ಲಿ ಹುರುಳಿದೆ. ಆದರೆ ನಿಮ್ಮ ತಂದೆಯವರ ಚಿಕಿತ್ಸೆಯನ್ನು ನಿರ್ಧರಿಸಲು ಇಂದು ನಂಬಬೇಕಾದದ್ದು ಬಯಾಪ್ಸಿಯನ್ನೇ.

ಮೈಕ್ರೊಆರ್‌ಎನ್‌ಎ ಎಂಬುದು ಸುಮಾರು 22 ಕೊಂಡಿಗಳಷ್ಟು (ನ್ಯೂಕ್ಲಿಯೊಟೈಡ್‌ಗಳು) ಉದ್ದದ ಆರ್‌ಎನ್‌ಎ ಸರಪಳಿಯ ಪುಟ್ಟ ತುಣುಕು. ಅದು ತಾನು ಪ್ರೋಟೀನ್ ಆಗುವುದಿಲ್ಲ. ವಂಶವಾಹಿಯಿಂದ ಹೊರಟ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡುಹಿಡಿದು 1993ರಲ್ಲಿ ಪ್ರಕಟಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ. ಬಾಯಿ ಕ್ಯಾನ್ಸರಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ಮಿರ್-21 ಎಂಬ ಮೈಕ್ರೊಆರ್‌ಎನ್‌ಎಯದು. ಅದು ಹೆಚ್ಚಾದಾಗ, ಜೀವಕೋಶದ ಬೆಳವಣಿಗೆಗೆ ಕಡಿವಾಣದಂತಿರುವ ಪಿಟಿಇಎನ್ ಎಂಬ ಪ್ರೋಟೀನ್ ತಗ್ಗುತ್ತದೆ. ಮುಂದೆ ಕ್ಯಾನ್ಸರಿಗೆ ತಿರುಗಿದ ಬಿಳಿ ಮಚ್ಚೆಗಳಲ್ಲಿ ಮಿರ್-21, ಮಿರ್-181ಬಿ ಮತ್ತು ಮಿರ್-345 ಏರಿದ್ದನ್ನು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ನೀವು ಓದಿದ್ದು ಬಹುಶಃ ಇಂಥದ್ದನ್ನೇ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಆ ಅಧ್ಯಯನ ಕತ್ತರಿಸಿ ತೆಗೆದ ಮಚ್ಚೆಯ ಅಂಗಾಂಶದ ಮೇಲೆ ನಡೆದದ್ದು. ಎಂಜಲಿನ ಕಥೆ ಬೇರೆ. ಕವಳ ಹಾಕುವವರ ವಸಡು ಹಲ್ಲುಜ್ಜುವಾಗ ರಕ್ತ ಒಸರುವುದು ಸಾಮಾನ್ಯ. ಮಿರ್-16, ಮಿರ್-451 ಮೊದಲಾದವು ಕೆಂಪು ರಕ್ತಕಣಗಳಲ್ಲೇ ಹೇರಳವಾಗಿರುವುದರಿಂದ, ನಳಿಕೆಗೆ ಉಗುಳಿದ ಎಂಜಲಿನಲ್ಲಿ ತುಸು ರಕ್ತ ಬೆರೆತರೂ ಲೆಕ್ಕ ಏರುಪೇರಾಗುತ್ತದೆ. ಮಿರ್-16ನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ಅಳೆಯುವ ಪ್ರಯೋಗಾಲಯಗಳೂ ಇರುವುದರಿಂದ, ಅಂಥಲ್ಲಿ ಅಳತೆಗೋಲೇ ಹಿಗ್ಗಿದಂತಾಗುತ್ತದೆ. ಇದಲ್ಲದೆ, ನೂರು ರೋಗಿಗಳ ಸರಾಸರಿ ನೂರು ಆರೋಗ್ಯವಂತರ ಸರಾಸರಿಗಿಂತ ಹೆಚ್ಚಿದ್ದ ಮಾತ್ರಕ್ಕೆ, ಒಬ್ಬರ ಕೆನ್ನೆಯ ಒಂದು ಮಚ್ಚೆಯ ಭವಿಷ್ಯ ಗೊತ್ತಾಗುವುದಿಲ್ಲ. ಇಷ್ಟಕ್ಕೂ ಆ ಪರೀಕ್ಷೆ 'ಭಯವಿಲ್ಲ' ಎಂದಿತೆಂದು ಇಟ್ಟುಕೊಳ್ಳಿ, ವೈದ್ಯರ ಬಳಿ ಹೋಗುವುದನ್ನು ನಿಲ್ಲಿಸುತ್ತೀರಾ? ನಿಲ್ಲಿಸುವಂತಿಲ್ಲ ಎಂದಾದರೆ ಆ ಹಣ ಉಳಿಸುವುದೇ ಲೇಸು.

ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸುವುದನ್ನು ಹಗುರವಾಗಿ ಕಾಣಬೇಡಿ. ತಿರುವನಂತಪುರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತಂಬಾಕು ಅಥವಾ ಮದ್ಯ ಸೇವಿಸುವವರ ಬಾಯಿಯನ್ನು ತರಬೇತಿ ಪಡೆದ ಕಾರ್ಯಕರ್ತರು ಹೀಗೆ ನೋಡಿದ್ದರಿಂದಲೇ, ಅವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು.

ಅಡಿಕೆಯ ವಿಷಯ. ಅಡಿಕೆ ಸೀಮೆಯವರಿಗೆ ಇದನ್ನು ಬರೆಯಲು ನನಗೂ ಮುಜುಗರವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವುದಕ್ಕೆ ಅಡಿಕೆಯೇ ಮುಖ್ಯ ಕಾರಣ. ನಿಮ್ಮ ತಂದೆಯವರು ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಬಲ್ಲರೇ ಎಂದು ನೋಡಿ. ಆಗದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಹೊಗೆಸೊಪ್ಪು, ಅಡಿಕೆ ಎರಡನ್ನೂ ಬಿಡಬೇಕು, ಮೂರರಿಂದ ಆರು ತಿಂಗಳಿಗೊಮ್ಮೆ ಮಚ್ಚೆ ತೋರಿಸಬೇಕು. ಮಚ್ಚೆ ಕೆಂಪಾದರೆ, ಗಟ್ಟಿಯಾದರೆ ಅಥವಾ ಹುಣ್ಣಾಗಿ ಎರಡು ವಾರದಲ್ಲಿ ಮಾಯದಿದ್ದರೆ, ಕೊಟ್ಟ ದಿನಾಂಕಕ್ಕೆ ಕಾಯದೆ ಹೋಗಿ ಮತ್ತೆ ಬಯಾಪ್ಸಿ ಬೇಕೇ ಎಂದು ಕೇಳಿ.