ಮಿಸಿಸಿಪ್ಪಿಯ ಸಣ್ಣ ಊರಿಗೆ ಬರುವ ಮೊದಲು

ದಾವಣಗೆರೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಯಜಮಾನರಿಗೆ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ, ಆಗಸ್ಟ್ ತಿಂಗಳಲ್ಲಿ ಇಬ್ಬರೂ ಸ್ಟಾರ್ಕ್‌ವಿಲ್‌ಗೆ ಬರುತ್ತಿದ್ದೀರಿ ಎಂದು ತಿಳಿದು ಸಂತೋಷವಾಯಿತು. ನ್ಯೂಜೆರ್ಸಿ ಮತ್ತು ಡಲ್ಲಾಸ್‌ನಲ್ಲಿರುವ ನಿಮ್ಮ ಬಂಧುಗಳು “ಅಷ್ಟು ಸಣ್ಣ ಊರಿನಲ್ಲಿ ಹೊತ್ತು ಹೋಗುವುದು ಹೇಗೆ, ಮಾಂಸ ತಿನ್ನದವರಿಗೆ ಅಲ್ಲಿ ಊಟಕ್ಕೇನು ಗತಿ, ಅಮೆರಿಕದ ದಕ್ಷಿಣದವರು ಹೊರಗಿನವರನ್ನು ಹತ್ತಿರ ಸೇರಿಸುತ್ತಾರೆಯೇ” ಎಂದೆಲ್ಲ ಹೇಳಿ ನಿಮ್ಮಲ್ಲಿ ಭಯ ಹುಟ್ಟಿಸಿದ್ದಾರೆ. ನೀವು ನನ್ನನ್ನು ಅಕ್ಕ ಎಂದು ಕರೆದು ಈ ಮೂರೂ ಪ್ರಶ್ನೆಗಳನ್ನು ನನ್ನ ಮುಂದಿಟ್ಟಿದ್ದೀರಿ. ರಾಣೆಬೆನ್ನೂರಿನಿಂದ ಈ ಊರಿಗೆ ಬಂದು ನನಗೆ 21 ವರ್ಷಗಳಾದವು; ಕಂಡದ್ದನ್ನು ಮತ್ತು ಉಂಡದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ಊರು ಸಣ್ಣದೆಂಬುದು ನಿಜ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 24 ಸಾವಿರ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. 1878ರಲ್ಲಿ ಕೃಷಿ ಕಾಲೇಜಾಗಿ ಆರಂಭವಾದ ಈ ವಿಶ್ವವಿದ್ಯಾಲಯವೇ ಊರಿನ ಉಸಿರು. ಆಗಸ್ಟ್‌ನ ಸೆಕೆ ದಾವಣಗೆರೆಯ ಒಣಬಿಸಿಲಿನಂತಿರದೆ ಮಂಗಳೂರಿನ ಬೆವರಿನಂತಿರುತ್ತದೆ. ಕಾರಿಲ್ಲದೆ ಸಂಸಾರ ನಡೆಸುವುದು ಕಷ್ಟವಾದ್ದರಿಂದ, ಬಂದ ತಿಂಗಳಲ್ಲೇ ಇಬ್ಬರೂ ಕಾರು ಕಲಿಯಲು ಆರಂಭಿಸಿ. ಹೆಚ್ಚಿನ ದಿನಸಿಗಾಗಿ ನಾವು ಎರಡು ತಿಂಗಳಿಗೊಮ್ಮೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೋಗುತ್ತೇವೆ. ದಾರಿ ಎರಡೂವರೆ ಗಂಟೆಯದು. ದೇವಸ್ಥಾನ ಜಾಕ್ಸನ್ ನಗರದ ಪಕ್ಕದ ಬ್ರ್ಯಾಂಡನ್‌ನಲ್ಲಿದೆ, ಅದೂ ಎರಡು ಗಂಟೆಗೂ ಮೀರಿದ ಪ್ರಯಾಣ. ಇವು ಒಂದು ವರ್ಷದೊಳಗೆ ಅಭ್ಯಾಸವಾಗುತ್ತವೆ.

ಊಟದ ವಿಚಾರವನ್ನು ಮಾತ್ರ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಈ ಊರು ನನಗೆ ಅರ್ಥವಾದದ್ದು ಊಟದ ಮೂಲಕವೇ. ಇಲ್ಲಿಯವರು ಬೆಳಗಿನ ಉಪಾಹಾರಕ್ಕೆ ತಿನ್ನುವ ಗ್ರಿಟ್ಸ್ ಬೇರೇನಲ್ಲ, ಮೆಕ್ಕೆಜೋಳದ ನುಚ್ಚು. ನಮ್ಮಲ್ಲಿ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡು ಉಣ್ಣುವಂತೆ ಇವರು ಅದಕ್ಕೆ ಬೆಣ್ಣೆ, ಉಪ್ಪು, ಕೆಲವೊಮ್ಮೆ ಚೀಸ್ ಹಾಕಿಕೊಳ್ಳುತ್ತಾರೆ. ನಿಮ್ಮ ಜಿಲ್ಲೆಯ ಹೊಲಗಳಲ್ಲಿ ಎಕರೆಗಟ್ಟಲೆ ಬೆಳೆದು ಲಾರಿ ಹತ್ತುವ ಆ ಮೆಕ್ಕೆಜೋಳ ಇಲ್ಲಿ ಮನೆಯ ಅಡುಗೆಯ ಮುಖ್ಯ ಧಾನ್ಯ. ಅದರ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಸುರಿದು ಬೇಯಿಸಿದರೆ ಕಾರ್ನ್‌ಬ್ರೆಡ್ ಆಗುತ್ತದೆ. ಆ ಬಾಣಲೆಯನ್ನು ಸೋಪು ಹಾಕಿ ಉಜ್ಜಬಾರದು, ಎಣ್ಣೆ ಸವರಿ ಇಡಬೇಕು ಎಂಬ ನಿಯಮ ಕೇಳಿದಾಗ ನನಗೆ ಅಜ್ಜಿಯ ದೋಸೆಹಂಚು ನೆನಪಾಯಿತು. ಇಲ್ಲಿಯೂ ಆ ಬಾಣಲೆ ಅಜ್ಜಿಯಿಂದ ಮೊಮ್ಮಗಳ ಕೈಗೆ ಹೋಗುತ್ತದೆ.

ಎದುರುಮನೆಯ ಎಂಬತ್ತು ದಾಟಿದ ಹಿರಿಯರೊಬ್ಬರು ಒಂದು ಸಂಜೆ ನನ್ನನ್ನು ಅಡುಗೆಮನೆಯ ಮೇಜಿನ ಬಳಿ ಕೂರಿಸಿ, ಉದ್ದನೆಯ ಗಾಜಿನ ಲೋಟವೊಂದನ್ನು ತೆಗೆದು, ಮಧ್ಯಾಹ್ನ ಉಳಿದಿದ್ದ ಕಾರ್ನ್‌ಬ್ರೆಡ್ಡನ್ನು ಬೆರಳಿನಿಂದ ಪುಡಿಮಾಡಿ ಅದರೊಳಗೆ ಹಾಕಿದರು. ಮೇಲೆ ತಣ್ಣನೆಯ ಗಟ್ಟಿ ಮಜ್ಜಿಗೆ ಸುರಿದು, ಚಮಚದಿಂದ ಕೆಳಕ್ಕೆ ಒತ್ತಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ತಿನ್ನತೊಡಗಿದರು. ತಮ್ಮ ಬಾಲ್ಯದ ರಾತ್ರಿಯೂಟ ಇದೇ ಆಗಿತ್ತೆಂದು ಹೇಳಿದರು. ಕಟಕರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಉಣ್ಣುತ್ತಿದ್ದ ನನ್ನ ತಂದೆಯ ಮಾತನ್ನು ನಾನು ಅವರಿಗೆ ಹೇಳಿದೆ. ಅಂದಿನಿಂದ ಆ ಮನೆ ನನಗೆ ಎದುರುಮನೆಯಾಗಿ ಉಳಿಯಲಿಲ್ಲ.

ಬೆಂಡೆಕಾಯಿ, ಅಲಸಂದೆ, ಬೇಯಿಸಿದ ಹಸಿ ಶೇಂಗಾ, ಗೆಣಸು ಇವೆಲ್ಲ ಇಲ್ಲಿನ ನಿತ್ಯದ ಪದಾರ್ಥಗಳು. ಬೆಂಡೆಕಾಯಿಯನ್ನು ಬಿಲ್ಲೆಗಳಾಗಿ ಹೆಚ್ಚಿ, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಲೋಳೆ ಒಂದಿಷ್ಟೂ ಇರುವುದಿಲ್ಲ. ಜನವರಿ 1ರಂದು ಅಲಸಂದೆ ಕಾಳು ಮತ್ತು ಸೊಪ್ಪು ಉಣ್ಣಲೇಬೇಕೆಂಬುದು ಇವರ ನಂಬಿಕೆ. ಕಾಳು ಅದೃಷ್ಟಕ್ಕೆ, ಹಸಿರು ಸೊಪ್ಪು ನೋಟಿಗೆ, ಹಳದಿ ಕಾರ್ನ್‌ಬ್ರೆಡ್ ಬಂಗಾರಕ್ಕೆ ಎಂದು ಅರ್ಥ ಹೇಳುತ್ತಾರೆ. ಯುಗಾದಿಯ ಬೇವು ಬೆಲ್ಲ ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನವೆಂಬರ್ ಮೊದಲ ವಾರದಲ್ಲಿ, ಇಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿರುವ ವಾರ್ಡಮನ್ ಎಂಬ ಪುಟ್ಟ ಊರಿನಲ್ಲಿ ಗೆಣಸಿನ ಹಬ್ಬ ನಡೆಯುತ್ತದೆ. ಗೆಣಸಿನ ಕಡುಬು, ಕೇಕು, ಹಲ್ವದಂಥ ಸಿಹಿ ಎಲ್ಲವನ್ನೂ ಸಾಲಾಗಿ ಜೋಡಿಸಿ ಸ್ಪರ್ಧೆ ಇಡುತ್ತಾರೆ, ತಪ್ಪದೆ ಹೋಗಿ ಬನ್ನಿ. ಚಹಾ ಎಂದರೆ ಇಲ್ಲಿ ಐಸು ತುಂಬಿದ, ಪಾಕದಷ್ಟು ಸಿಹಿಯಾದ ತಣ್ಣನೆಯ ಚಹಾ ಎಂಬುದೂ ನೆನಪಿರಲಿ.

ಆದರೆ ಸಸ್ಯಾಹಾರಿಗಳು ಎಚ್ಚರ ವಹಿಸಲೇಬೇಕಾದ ಒಂದು ಸಂಗತಿಯಿದೆ, ಇದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. “ಇದರಲ್ಲಿ ಮಾಂಸವಿದೆಯೇ” ಎಂದು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಸೊಪ್ಪನ್ನೂ ಹುರುಳಿಕಾಯಿಯನ್ನೂ ಬೇಯಿಸುವಾಗ ರುಚಿಗೆಂದು ಹಾಕುವ ಹಂದಿಯ ತುಂಡನ್ನು ಇವರು ಒಗ್ಗರಣೆಯ ಲೆಕ್ಕಕ್ಕೆ ಸೇರಿಸುತ್ತಾರೆಯೇ ಹೊರತು ಮಾಂಸವೆಂದು ಎಣಿಸುವುದಿಲ್ಲ. ಬಂದ ಹೊಸದರಲ್ಲಿ ಒಂದು ಹೋಟೆಲಿನಲ್ಲಿ ನಾನು ತಿಂಗಳುಗಟ್ಟಲೆ ಹುರುಳಿಕಾಯಿ ಪಲ್ಯ ತಿಂದು, ನಂತರ ವಿಷಯ ತಿಳಿದು ಅತ್ತದ್ದುಂಟು. ಆದ್ದರಿಂದ ಬೇಕನ್, ಹ್ಯಾಮ್, ಹಂದಿಕೊಬ್ಬು, ಕೋಳಿಸಾರು ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಸಂಕೋಚ ಬೇಡ, ಕೇಳಿದರೆ ಯಾರೂ ಬೇಸರಿಸುವುದಿಲ್ಲ. ನಿಮ್ಮ ಯಜಮಾನರು ಮೀನು ತಿನ್ನುತ್ತಾರೆಂದು ಬರೆದಿದ್ದೀರಿ; ಅಮೆರಿಕದಲ್ಲಿ ಸಾಕುವ ಕ್ಯಾಟ್‌ಫಿಷ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಈ ರಾಜ್ಯದ ಕೆರೆಗಳಿಂದಲೇ ಬರುವುದರಿಂದ ಅವರಿಗೆ ಇಲ್ಲಿ ಕೊರತೆಯಿರದು.

ಜನರ ಬಗ್ಗೆ ಕೇಳಿದ್ದೀರಿ. ಇಲ್ಲಿ ಹಿರಿಯರನ್ನು ಬರಿಯ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರಿಗೆ ಮೊದಲು ಮಿಸ್ ಅಥವಾ ಮಿಸ್ಟರ್ ಸೇರಿಸುತ್ತಾರೆ, ನಾವು ಅಕ್ಕ, ಅಣ್ಣ, ಅಮ್ಮ ಎಂದು ಸೇರಿಸುವ ಹಾಗೆ. ಮಕ್ಕಳು ಯಸ್ ಮ್ಯಾಮ್, ಯಸ್ ಸರ್ ಎನ್ನದೆ ಮಾತಾಡಿದರೆ ತಾಯಂದಿರು ಅಲ್ಲೇ ತಿದ್ದುತ್ತಾರೆ. ಶವಯಾತ್ರೆಯ ಕಾರುಗಳು ಎದುರಾದರೆ ಗುರುತಿಲ್ಲದವರೂ ತಮ್ಮ ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಿ ಕಾಯುತ್ತಾರೆ. ನೀವೂ ಹಾಗೆಯೇ ಮಾಡಿ. ಪರಿಚಯವಾದ ಐದು ನಿಮಿಷದಲ್ಲಿ “ಯಾವ ಚರ್ಚಿಗೆ ಹೋಗುತ್ತೀರಿ” ಎಂದು ಕೇಳಿದರೆ ನೊಂದುಕೊಳ್ಳಬೇಡಿ. ನಮ್ಮ ಕಡೆ “ಯಾವ ಊರು, ಯಾರ ಪೈಕಿ” ಎಂದು ಕೇಳುವಂಥದ್ದೇ ಆ ಪ್ರಶ್ನೆ. ನಾವು ಶಿವನನ್ನು ಪೂಜಿಸುವವರೆಂದು ನಾನು ಸಹಜವಾಗಿ ಹೇಳುತ್ತೇನೆ; ಹೆಚ್ಚಿನವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಮತ್ತೆ ಮತ್ತೆ ಚರ್ಚಿಗೆ ಕರೆಯುತ್ತಾರೆ, ಅಂಥವರಿಗೆ ಒಮ್ಮೆ ನಯವಾಗಿ, ಸ್ಪಷ್ಟವಾಗಿ ಬರುವುದಿಲ್ಲವೆಂದರೆ ಸಾಕು.

ಶರತ್ಕಾಲದ ಕೆಲವು ಶನಿವಾರಗಳಲ್ಲಿ ಊರು ಗುರುತೇ ಸಿಗದಂತೆ ಬದಲಾಗುತ್ತದೆ. ಸುಮಾರು 60 ಸಾವಿರ ಜನ ಹಿಡಿಯುವ ಕ್ರೀಡಾಂಗಣ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ತುಂಬುತ್ತದೆ, ಮತ್ತು ಅಲ್ಲಿ ಕೇಳುವ ಸದ್ದು ಹಸುವಿನ ಕೊರಳ ಗಂಟೆಯದು. ಹಿಂದೆಂದೋ ಆಟದ ಮಧ್ಯೆ ಜರ್ಸಿ ಹಸುವೊಂದು ಮೈದಾನಕ್ಕೆ ನುಗ್ಗಿತ್ತು, ಅಂದು ಗೆದ್ದುದರಿಂದ ಗಂಟೆ ಶುಭವಾಯಿತು ಎಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. 1974ರಲ್ಲಿ ಕ್ರೀಡಾ ಒಕ್ಕೂಟ ಇಂಥ ಸದ್ದಿನ ಸಾಧನಗಳನ್ನು ನಿಷೇಧಿಸಿದರೂ ಜನ ಬಿಡಲಿಲ್ಲ. 2010ರಲ್ಲಿ ಯಾವಾಗ ಬಾರಿಸಬಹುದು, ಯಾವಾಗ ಬಾರಿಸಬಾರದು ಎಂಬ ಕಟ್ಟಳೆಯೊಂದಿಗೆ ಒಪ್ಪಿಗೆ ಸಿಕ್ಕಿತು. ಮೊದಲ ಗಂಟೆಯನ್ನು ತಾನೇ ಕೊಳ್ಳಬಾರದು, ಯಾರಾದರೂ ಉಡುಗೊರೆಯಾಗಿ ಕೊಡಬೇಕು ಎಂಬ ಸಂಪ್ರದಾಯವೂ ಇದೆ. ಕಾರಹುಣ್ಣಿಮೆಯ ದಿನ ಎತ್ತುಗಳ ಗೆಜ್ಜೆ ಕೇಳಿ ಬೆಳೆದ ನನಗೆ ಆ ಸದ್ದು ಒಮ್ಮೆಲೇ ಹಿಡಿಸಿತು.

ಈ ಆದರದ ಜೊತೆಗೇ ಇಲ್ಲೊಂದು ಆಳವಾದ ನೋವಿನ ಚರಿತ್ರೆಯಿದೆ, ಅದನ್ನು ತಿಳಿಯದೆ ಈ ಊರಿನಲ್ಲಿ ಬಾಳುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬೆಂಡೆಕಾಯಿಯೂ ಅಲಸಂದೆಯೂ ಈ ನೆಲಕ್ಕೆ ಬಂದದ್ದು ಆಫ್ರಿಕದಿಂದ ಜನರನ್ನು ಗುಲಾಮರಾಗಿ ಸಾಗಿಸಿದ ಕಾಲದಲ್ಲಿ. ದಕ್ಷಿಣದ ಅಡುಗೆಯೆಂದು ಹೆಸರಾದ ಬಹುಪಾಲು ರುಚಿ ಕಪ್ಪು ಹೆಂಗಸರ ಕೈಯಲ್ಲಿ ಹದಗೊಂಡದ್ದು. ಕಪ್ಪು ಆಟಗಾರರಿರುವ ತಂಡದ ಎದುರು ಆಡಬಾರದೆಂಬ ಅಲಿಖಿತ ಕಟ್ಟಳೆ ಇದ್ದಾಗ, 1963ರ ಮಾರ್ಚ್‌ನಲ್ಲಿ ಇದೇ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಗುಟ್ಟಾಗಿ ರಾಜ್ಯ ದಾಟಿ ಮಿಷಿಗನ್‌ಗೆ ಹೋಗಿ ಶಿಕಾಗೊದ ಲೊಯೋಲಾ ತಂಡದೊಡನೆ ಆಡಿತು. ಸೋತಿತು, ಆದರೆ ಆಟಕ್ಕೆ ಮೊದಲು ಎರಡೂ ತಂಡಗಳ ನಾಯಕರು ಕೈಕುಲುಕಿದ ಚಿತ್ರ ಇಂದಿಗೂ ಉಳಿದಿದೆ. ಇಲ್ಲಿಗೆ ಮೊದಲ ಕಪ್ಪು ವಿದ್ಯಾರ್ಥಿಯಾಗಿ ರಿಚರ್ಡ್ ಹೋಮ್ಸ್ ಸೇರಿದ್ದು 1965ರಲ್ಲಿ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣ ರಾಜ್ಯಗಳ ಚಿಹ್ನೆ ರಾಜ್ಯದ ಬಾವುಟದಿಂದ ಹೋದದ್ದು 2020ರಲ್ಲಿ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಬಿಳಿಯರೂ ಕಪ್ಪುಜನರೂ ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಕೂರುತ್ತಾರೆ. ಹೊಸಬರಾದ ನಾವು ಒಂದೇ ಕಡೆಯ ಮನೆಗಳಿಗೆ ಹೋಗಿ ಬಂದು ಇರಬಾರದು. ಎರಡೂ ಕಡೆಯ ಮನೆಗಳಲ್ಲಿ ಉಣ್ಣಿ.

2013ರಲ್ಲಿ ಅಮ್ಮ ತೀರಿಕೊಂಡಾಗ ನಾನು ತುಂಬು ಗರ್ಭಿಣಿಯಾಗಿದ್ದು, ಊರಿಗೆ ಹೋಗಲಾಗಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ಓಣಿಯವರು ಬುತ್ತಿ ತರುತ್ತಾರೆ ಎಂಬುದು ನಮ್ಮ ಕಡೆಯ ರೂಢಿ. ಇಲ್ಲಿ ಬುತ್ತಿ ತರುವವರು ಯಾರು ಎಂದುಕೊಂಡು ಕುಳಿತಿದ್ದಾಗ ಮಧ್ಯಾಹ್ನದ ಹೊತ್ತಿಗೆ ಬಾಗಿಲ ಗಂಟೆ ಬಾರಿಸತೊಡಗಿತು. ಎದುರುಮನೆಯವರು ಎಲ್ಲರಿಗೂ ಫೋನು ಮಾಡಿ “ಆ ಮನೆಯಲ್ಲಿ ಮಾಂಸ, ಮೊಟ್ಟೆ ನಡೆಯುವುದಿಲ್ಲ, ಕೋಳಿಸಾರೂ ಬೇಡ” ಎಂದು ಹೇಳಿದ್ದರಂತೆ. ಕುಂಬಳದ ಜಾತಿಯ ಹಳದಿ ಕಾಯಿಯ ಪಲ್ಯ, ಗೆಣಸು, ಬೆಣ್ಣೆ ಹಾಕಿ ಬೇಯಿಸಿದ ಕಾಳು, ಹೀಗೆ ಆರು ಗಾಜಿನ ತಟ್ಟೆಗಳು ಅಡುಗೆಕಟ್ಟೆಯ ಮೇಲೆ ಸೇರಿದವು. ತೊಳೆಯುವಾಗ ನೋಡಿದರೆ ಪ್ರತಿಯೊಂದರ ತಳದಲ್ಲೂ ಒಂದು ತುಂಡು ಕಾಗದದ ಟೇಪು ಅಂಟಿಸಿ, ಪೆನ್ನಿನಲ್ಲಿ ಮನೆಯವರ ಹೆಸರು ಬರೆದಿತ್ತು. ಕೆಲವು ಟೇಪುಗಳು ಎಷ್ಟು ಸಲ ತೊಳೆದು ಹಳತಾಗಿದ್ದವೆಂದರೆ ಅಕ್ಷರ ಅರ್ಧ ಅಳಿಸಿತ್ತು. ಆ ತಟ್ಟೆಗಳು ಇಂಥ ಎಷ್ಟು ಮನೆಗಳನ್ನು ನೋಡಿದ್ದವೋ ಎಂದು ನನಗೆ ದುಃಖ ಉಕ್ಕಿ ಬಂತು. ದಿನಗಳೆಲ್ಲ ಕಳೆದ ಮೇಲೆ, ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಅಮ್ಮ ಹೇಳುತ್ತಿದ್ದುದನ್ನು ನೆನೆದು, ಆರರಲ್ಲೂ ಶೇಂಗಾ ಹೋಳಿಗೆ ಇಟ್ಟು ಮನೆಮನೆಗೆ ಮುಟ್ಟಿಸಿ ಬಂದೆ.

ಇನ್ನು ಎರಡು ಮಾತು. ಸುಂಟರಗಾಳಿಯ (ಟಾರ್ನೆಡೊ) ಸೈರನ್ ಕೂಗಿದರೆ ಕಿಟಕಿಯಿಲ್ಲದ ಒಳಕೋಣೆಗೆ ಹೋಗಬೇಕು. ಮನೆ ಹಿಡಿಯುವಾಗಲೇ ಅಂಥ ಕೋಣೆ ಯಾವುದೆಂದು ನೋಡಿಕೊಳ್ಳಿ. ಬರುವಾಗ ಭಾರದ ಪಾತ್ರೆಗಳನ್ನು ಹೊತ್ತು ತರಬೇಡಿ, ಮೊದಲ ತಿಂಗಳಿಗೆ ಬೇಕಾದದ್ದು ನನ್ನಲ್ಲಿದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಮಾತ್ರ ತನ್ನಿ. ವಿಮಾನ ಇಳಿಯುವ ದಿನ, ಸಮಯ ಬರೆದು ತಿಳಿಸಿ. ಅಂದು ರಾತ್ರಿಯ ಅನ್ನ ಸಾರು ನಿಮ್ಮ ಮನೆಗೆ ಬರುತ್ತದೆ, ತಟ್ಟೆಯ ತಳದಲ್ಲಿ ನನ್ನ ಹೆಸರಿರುತ್ತದೆ.