ಟಿವಿಯಲ್ಲಿ ಆನೆ ತಲೆಕೆಳಗಾದರೆ: ಮೊಬೈಲ್ ಫೋಟೊ ಪ್ರಶ್ನೋತ್ತರ

ಮೊಬೈಲ್ ಫೋಟೊ ಬಗ್ಗೆ ಏನಿದ್ದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ದೂರು, ಫೋಟೊ ಮಗುಚಿಕೊಳ್ಳುತ್ತದೆ ಅಂತ. ಮೈಸೂರು, ಮಂಡ್ಯ ಕಡೆಯ ಓದುಗರ ಕೆಲವು ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ದಸರಾದಲ್ಲಿ ಜಂಬೂಸವಾರಿಯ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದೆ. ಮೊಬೈಲಿನಲ್ಲಿ ಎಲ್ಲವೂ ನೆಟ್ಟಗಿವೆ. ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಅರ್ಧಕ್ಕರ್ಧ ಫೋಟೊಗಳಲ್ಲಿ ಆನೆಗಳು ಕಾಲು ಮೇಲೆ ಮಾಡಿಕೊಂಡಿವೆ! ಮನೆಯ ಹಳೇ ವಿಂಡೋಸ್ 7 ಕಂಪ್ಯೂಟರಿನಲ್ಲೂ ಇದೇ ಕಥೆ. ಮೊಮ್ಮಕ್ಕಳು ನಗುತ್ತಾರೆ. ಫೋನ್ ಕೆಟ್ಟಿದೆಯಾ?
(ನಿವೃತ್ತ ನೌಕರರು, ಸರಸ್ವತಿಪುರಂ, ಮೈಸೂರು)

ಉತ್ತರ: ಫೋನ್ ಕೆಟ್ಟಿಲ್ಲ ಸರ್, ಫೋಟೊ ಕೂಡ ಕೆಟ್ಟಿಲ್ಲ. 750 ಕೆಜಿ ಅಂಬಾರಿ ಹೊತ್ತ ಆನೆ ಮಗುಚಿ ನಿಂತರೆ ಮಕ್ಕಳು ನಗದೇ ಇರ್ತಾರಾ, ಬಿಡಿ.

ಮೊಬೈಲ್ ಕ್ಯಾಮೆರಾದ ಸೆನ್ಸರ್ ಫೋನಿನೊಳಗೆ ಒಂದೇ ದಿಕ್ಕಿಗೆ ಕೂತಿರುತ್ತದೆ. ನೀವು ಫೋನನ್ನು ನೆಟ್ಟಗೆ ಹಿಡಿದರೂ ಸರಿ, ಎಡಕ್ಕೋ ಬಲಕ್ಕೋ ಮಲಗಿಸಿದರೂ ಸರಿ, ಅದು ತನಗೆ ಕಂಡ ಹಾಗೆಯೇ ಚಿತ್ರ ಹಿಡಿಯುತ್ತದೆ. ಮೇಲು ಯಾವುದು, ಕೆಳಗು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಆಕ್ಸೆಲೆರೋಮೀಟರ್ ಎಂಬ ಇನ್ನೊಂದು ಪುಟ್ಟ ಚಿಪ್. ಭೂಮಿಯ ಸೆಳೆತ ಯಾವ ಕಡೆಗಿದೆ ಎಂದು ನೋಡಿ, ಫೋನನ್ನು ಈಗ ಹೇಗೆ ಹಿಡಿದಿದ್ದೀರಿ ಅಂತ ಅದು ತಿಳಿಸುತ್ತದೆ. ಬಹಳಷ್ಟು ಫೋನ್‌ಗಳು ಇದನ್ನು ಕೇಳಿಕೊಂಡು ಚಿತ್ರವನ್ನು ತಿರುಗಿಸುವುದಿಲ್ಲ. ಚಿತ್ರವನ್ನು ಇದ್ದ ಹಾಗೇ ಬಿಟ್ಟು, ಫೈಲಿನ ಜೊತೆಗೆ ಒಂದು ಅಂಕಿ ಬರೆದಿಡುತ್ತವೆ. ರಟ್ಟಿನ ಡಬ್ಬದ ಮೇಲೆ 'ಈ ಕಡೆ ಮೇಲೆ' ಅಂತ ಬಾಣದ ಗುರುತು ಹಾಕಿರುತ್ತಾರಲ್ಲ, ಹಾಗೆ. ಗುರುತು ನೋಡಿ ಇಡುವವರು ಸರಿಯಾಗಿ ಇಡುತ್ತಾರೆ, ನೋಡದವರು ಹೇಗೋ ಎಸೆಯುತ್ತಾರೆ.

ಈ ಅಂಕಿ ಇರುವ ಜಾಗಕ್ಕೆ ಎಕ್ಸಿಫ್ ಎನ್ನುತ್ತಾರೆ. 1995ರಲ್ಲಿ ಜಪಾನಿನಲ್ಲಿ ಶುರುವಾದ ಪದ್ಧತಿ ಇದು. ಫೋಟೊ ತೆಗೆದ ದಿನ, ಸಮಯ, ಶಟರ್ ವೇಗ, ಲೊಕೇಶನ್ ಆನ್ ಇದ್ದರೆ ಜಾಗ, ಎಲ್ಲವೂ ಅದರಲ್ಲೇ ಇರುತ್ತವೆ. ದಿಕ್ಕಿಗೆ 1ರಿಂದ 8ರವರೆಗೆ ಅಂಕಿಗಳಿವೆ. 1 ಎಂದರೆ ಇದ್ದ ಹಾಗೇ ತೋರಿಸು. 3 ಎಂದರೆ ಅರ್ಧ ಸುತ್ತು ತಿರುಗಿಸಿ ತೋರಿಸು. 6 ಎಂದರೆ ಬಲಕ್ಕೆ ಕಾಲು ಸುತ್ತು, 8 ಎಂದರೆ ಎಡಕ್ಕೆ ಕಾಲು ಸುತ್ತು. ಉಳಿದ ನಾಲ್ಕು ಕನ್ನಡಿಯ ಹಾಗೆ ತಿರುವುಮುರುವಾದ ಚಿತ್ರಗಳಿಗೆ, ಅವು ನಮಗೆ ಎದುರಾಗುವುದು ಕಡಿಮೆ. ನಿಮ್ಮ ಮಗುಚಿದ ಆನೆಗಳ ಫೈಲಿನಲ್ಲೆಲ್ಲ 3 ಇರಬೇಕು. ಮೊಬೈಲ್ ಆ 3 ನೋಡಿ ನೆಟ್ಟಗೆ ತೋರಿಸುತ್ತದೆ. ವಿಂಡೋಸ್ 7ರ ಫೋಟೊ ವ್ಯೂವರ್ ಅದನ್ನು ನೋಡುವುದೇ ಇಲ್ಲ, ಕೆಲವು ಟಿವಿಗಳೂ ಅಷ್ಟೇ. ವಿಂಡೋಸ್ 8 ಬಂದ ಮೇಲೆ ಕಂಪ್ಯೂಟರಿನಲ್ಲಿ ಈ ತಾಪತ್ರಯ ಬಹುಪಾಲು ಹೋಯಿತು.

ಅರ್ಧ ಮಾತ್ರ ಯಾಕೆ ಹೀಗೆ ಅಂದರೆ, ನೀವು ಫೋನನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮಲಗಿಸಿದ್ದೀರಿ. ಗುಂಪಿನಲ್ಲಿ ಕೈ ಎತ್ತಿ ತೆಗೆಯುವಾಗ ಯಾರು ಇದನ್ನೆಲ್ಲ ನೋಡ್ತಾರೆ! ಮುಂದಿನ ಸಲ ಅಡ್ಡ ಫೋಟೊ ತೆಗೆಯುವಾಗ ಚಾರ್ಜರ್ ಚುಚ್ಚುವ ತುದಿ ಬಲಗೈ ಕಡೆಗೆ ಬರಲಿ. ಹೆಚ್ಚಿನ ಫೋನ್‌ಗಳಲ್ಲಿ ಸೆನ್ಸರಿಗೆ ಅದೇ ನೆಟ್ಟಗಿನ ಭಂಗಿ. ಅಂಕಿ 1 ಬೀಳುತ್ತದೆ, ಯಾವ ಟಿವಿಗೆ ಹಾಕಿದರೂ ಆನೆ ಕಾಲ ಮೇಲೇ ನಿಲ್ಲುತ್ತದೆ.

ಈಗಾಗಲೇ ತೆಗೆದಿರುವುದಕ್ಕೆ ಏನು ಮಾಡುವುದು? ಅಂಕಿ ಹೇಳಿದಂತೆ ಚಿತ್ರವನ್ನೇ ನಿಜವಾಗಿ ತಿರುಗಿಸಿ, ಅಂಕಿಯನ್ನು 1 ಮಾಡಬೇಕು. ಒಂದೆರಡು ಫೋಟೊ ಆದರೆ ಮೊಬೈಲಿನಲ್ಲೇ ಆಗುತ್ತದೆ. ಆದರೆ ಅಲ್ಲಿ ತಿರುಗಿಸುವ ಬಟನ್ ಒತ್ತಬೇಡಿ, ಯಾಕೆಂದರೆ ಮೊಬೈಲಿಗೆ ಅದು ಆಗಲೇ ನೆಟ್ಟಗಿದೆ. ಎಡಿಟ್‌ಗೆ ಹೋಗಿ, ಕ್ರಾಪ್ ಮಾಡುವಲ್ಲಿ ಅಂಚನ್ನು ಕೂದಲೆಳೆಯಷ್ಟು ಒಳಗೆ ತಂದು, ಹೊಸ ಪ್ರತಿಯಾಗಿ ಸೇವ್ ಮಾಡಿ. ಹೊಸ ಪ್ರತಿ ಬರೆಯುವಾಗ ಹೆಚ್ಚಿನ ಆ್ಯಪ್‌ಗಳು ಚಿತ್ರವನ್ನೇ ನೆಟ್ಟಗೆ ಮಾಡಿ ಬರೆಯುತ್ತವೆ. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಆ ಪ್ರತಿ ಬಳಸುವವರೂ ಇದ್ದಾರೆ. ನೆಟ್ಟಗೇನೋ ಆಗುತ್ತದೆ, ಆದರೆ ಫೋಟೊ ಕುಗ್ಗಿಹೋಗುತ್ತದೆ. ದೊಡ್ಡ ಟಿವಿಯಲ್ಲಿ ನೋಡಲು ಅದು ಬೇಡ.

ರಾಶಿ ಫೋಟೊ ಇದ್ದರೆ ಕಂಪ್ಯೂಟರೇ ಸರಿ. ಇರ್ಫಾನ್‌ವ್ಯೂ ಅಂತ ಒಂದು ಸಾಫ್ಟ್‌ವೇರ್ ಇದೆ, ಮನೆ ಬಳಕೆಗೆ ಉಚಿತ. ಅದನ್ನೂ ಅದರ ಪ್ಲಗಿನ್‌ಗಳನ್ನೂ, ಅಂದರೆ ಅದಕ್ಕೆ ಸೇರಿಸುವ ಪುಟ್ಟ ಸಾಫ್ಟ್‌ವೇರ್‌ಗಳನ್ನೂ, ಹಾಕಿಕೊಳ್ಳಿ. ಫೋಟೊಗಳೆಲ್ಲ ಪುಟ್ಟದಾಗಿ ಸಾಲಾಗಿ ಕಾಣುವ ಥಂಬ್‌ನೇಲ್ ನೋಟದಲ್ಲಿ ಎಲ್ಲ ಫೋಟೊ ಆರಿಸಿ, ಜೆಪಿಜಿ ಲಾಸ್‌ಲೆಸ್ ಎಂಬ ಆಯ್ಕೆಯಲ್ಲಿ 'ಎಕ್ಸಿಫ್ ಪ್ರಕಾರ ತಾನಾಗಿ ತಿರುಗಿಸು' ಎನ್ನುವುದನ್ನು ಒತ್ತಿದರೆ, ಮಗುಚಿದ್ದನ್ನು ಮಾತ್ರ ತಿರುಗಿಸಿ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಶುರು ಮಾಡುವ ಮುಂಚೆ ಫೋಲ್ಡರಿನ ಒಂದು ನಕಲು ಬೇರೆ ಕಡೆ ಇಟ್ಟುಕೊಳ್ಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕೆಲವು ಹಳೇ ಸಾಫ್ಟ್‌ವೇರ್‌ಗಳು ಚಿತ್ರವನ್ನು ತಿರುಗಿಸುತ್ತವೆ, 3 ಎಂಬ ಅಂಕಿಯನ್ನು ಮಾತ್ರ ಹಾಗೇ ಬಿಡುತ್ತವೆ. ಆಗ ಟಿವಿಯಲ್ಲಿ ಸರಿಹೋಗಿ ಮೊಬೈಲಿನಲ್ಲಿ ಮಗುಚುತ್ತದೆ. ಮೊಬೈಲಿನಲ್ಲಿ ಸರಿಮಾಡಿದರೆ ಮತ್ತೆ ಟಿವಿಯಲ್ಲಿ ಮಗುಚುತ್ತದೆ. ಈ ಆಟಕ್ಕೆ ಕೊನೆಯೇ ಇಲ್ಲ.

ಪ್ರಶ್ನೆ: ಪಹಣಿ, ಪಾಸ್‌ಬುಕ್ ಎಲ್ಲ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದರೆ ಒಂದೊಂದು ಸಲ ಅಡ್ಡ, ಒಂದೊಂದು ಸಲ ತಲೆಕೆಳಗೆ ಬರುತ್ತದೆ. ಸಾಲದ್ದಕ್ಕೆ, ಆನ್‌ಲೈನ್ ಅರ್ಜಿಗೆ ಹಾಕುವಾಗ ಪರದೆ ಮೇಲೆ ನೆಟ್ಟಗೇ ಕಾಣುತ್ತೆ. ಆಮೇಲೆ ಕಚೇರಿಯವರು ಅಡ್ಡ ಇದೆ, ಓದಲು ಆಗಲ್ಲ ಅಂತ ವಾಪಸ್ ಕಳಿಸುತ್ತಾರೆ. ಯಾರನ್ನು ನಂಬೋದು?
(ರೈತರು, ಮಂಡ್ಯ ತಾಲ್ಲೂಕು)

ಉತ್ತರ: ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ ಅಣ್ಣಾ.

ಮೊದಲನೆಯದು ಫೋನಿನದ್ದು. ಮೇಲೆ ಹೇಳಿದ ಚಿಪ್ ಭೂಮಿಯ ಸೆಳೆತ ನೋಡಿ ದಿಕ್ಕು ಹೇಳುತ್ತದೆ ಅಲ್ವಾ? ಫೋನನ್ನು ಮೇಜಿನ ಮೇಲೆ ಬಗ್ಗಿಸಿ ಕ್ಯಾಮೆರಾ ನೇರ ನೆಲ ನೋಡುವಂತೆ ಹಿಡಿದಾಗ, ಸೆಳೆತ ಫೋನಿನ ಬೆನ್ನ ಕಡೆಗಿರುತ್ತದೆ. ಮೇಲ್ತುದಿಯ ಕಡೆಗೂ ಇಲ್ಲ, ಪಕ್ಕದ ಕಡೆಗೂ ಇಲ್ಲ. ಚಿಪ್ಪಿಗೆ ದಿಕ್ಕು ತಿಳಿಯುವುದಿಲ್ಲ. ಆಗ ಫೋನ್ ಸ್ವಲ್ಪ ಹೊತ್ತಿನ ಹಿಂದೆ ಹೇಗಿತ್ತೋ ಅದನ್ನೇ ಇಟ್ಟುಕೊಳ್ಳುತ್ತದೆ, ಇಲ್ಲವೇ ಕೈ ಒಂಚೂರು ವಾಲಿದ ಕಡೆಗೆ ಹೊರಳುತ್ತದೆ. ಆದ್ದರಿಂದ ಮೊದಲು ಫೋನನ್ನು ಮುಖಕ್ಕೆ ಎದುರಾಗಿ ನೆಟ್ಟಗೆ ಹಿಡಿಯಿರಿ. ಕ್ಯಾಮೆರಾ ಪರದೆಯ ಮೇಲಿರುವ ಪುಟ್ಟ ಚಿತ್ರಗಳು, ಫ್ಲ್ಯಾಶಿನ ಮಿಂಚಿನ ಗುರುತು ಇತ್ಯಾದಿ, ನೆಟ್ಟಗೆ ನಿಂತಿವೆಯಾ ನೋಡಿ. ಆಮೇಲೆ ನಿಧಾನವಾಗಿ ಕಾಗದದ ಮೇಲೆ ಬಗ್ಗಿಸಿ. ಆ ಗುರುತುಗಳು ಅಡ್ಡ ತಿರುಗಿದರೆ ಫೋಟೊ ಕೂಡ ಅಡ್ಡ ಬರುತ್ತದೆ ಎಂದೇ ಅರ್ಥ. ಕಾಗದವನ್ನು ಗೋಡೆಗೆ ಒರಗಿಸಿ ತೆಗೆದರೆ ಇಷ್ಟೂ ರಗಳೆ ಇಲ್ಲ, ಫೋನಿನ ನೆರಳೂ ಬೀಳುವುದಿಲ್ಲ.

ಎರಡನೆಯದು ವೆಬ್‌ಸೈಟಿನದ್ದು. 2020ರಲ್ಲಿ ಬಂದ ಕ್ರೋಮ್ 81ರಿಂದ ಈಚೆಗೆ ಬ್ರೌಸರ್‌ಗಳು ದಿಕ್ಕಿನ ಅಂಕಿಯನ್ನು ಓದಿಯೇ ಫೋಟೊ ತೋರಿಸುತ್ತವೆ. ಹಾಗಾಗಿ ನಿಮಗೆ ನೆಟ್ಟಗೆ ಕಂಡಿದೆ. ಆದರೆ ಫೋಟೊ ಆ ಕಡೆ ತಲುಪಿದ ಮೇಲೆ ಅಲ್ಲಿನ ಸಾಫ್ಟ್‌ವೇರ್ ಅದನ್ನು ಸಣ್ಣದು ಮಾಡಿ ಇಟ್ಟುಕೊಳ್ಳುತ್ತದೆ. ಹಾಗೆ ಮಾಡುವಾಗ ಎಕ್ಸಿಫ್ ಕಿತ್ತುಹಾಕಿದರೆ ಅಂಕಿಯೂ ಹೋಯಿತು. ಉಳಿಯುವುದು ಸೆನ್ಸರ್ ಕಂಡ ಅಡ್ಡ ಚಿತ್ರ. ನೀವು ಹೇಳಿದ್ದೂ ಸರಿ, ಕಚೇರಿಯವರು ಹೇಳಿದ್ದೂ ಸರಿ. ತಪ್ಪು ಆ ವೆಬ್‌ಸೈಟ್ ಕಟ್ಟಿದವರದ್ದು. ತಿರುಗಿಸಿ ಆಮೇಲೆ ಕಿತ್ತುಹಾಕುವುದು ಪ್ರೋಗ್ರಾಮರಿಗೆ ಒಂದು ಸಾಲಿನ ಕೆಲಸ. ಅದಕ್ಕಾಗಿ ಒಬ್ಬ ರೈತ ಎರಡು ಸಲ ಅರ್ಜಿ ಹಾಕುವಂತಾಗಬಾರದು.

ಅವರು ಸರಿಮಾಡುವ ತನಕ ಕಾಯಬೇಡಿ. ಕಾಗದಪತ್ರಕ್ಕೆ ಕ್ಯಾಮೆರಾ ಬಿಟ್ಟು ಸ್ಕ್ಯಾನ್ ಬಳಸಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್ ಆ್ಯಪ್ ಒಳಗೆ, ಐಫೋನಿನಲ್ಲಿ ನೋಟ್ಸ್ ಒಳಗೆ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ. ಅಂಚು ಹಿಡಿದು, ಓರೆ ಇದ್ದರೆ ನೇರ ಮಾಡಿ, ಪಿಡಿಎಫ್ ಕೊಡುತ್ತದೆ. ಅಡ್ಡ ಬಂದರೆ ಅಲ್ಲೇ ತಿರುಗಿಸಿ ಸೇವ್ ಮಾಡಬಹುದು. ಫೋಟೊವನ್ನೇ ಕೊಡಿ ಅಂತ ಕೇಳುವ ಕಡೆ ಮಾತ್ರ, ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಅಂಚು ಕತ್ತರಿಸಿ ಹೊಸ ಪ್ರತಿ ಮಾಡಿ ಹಾಕಿ.

ಪ್ರಶ್ನೆ: ಫೋಟೊ ತಿರುಗಿಸಿ ತಿರುಗಿಸಿ ಸೇವ್ ಮಾಡಿದರೆ ಮಸುಕಾಗುತ್ತೆ ಅಂತಾರೆ, ನಿಜವಾ? ನಾನು ಸ್ಕ್ರೀನ್‌ಶಾಟ್ ಹೊಡೆದು ಅದನ್ನೇ ಪ್ರಿಂಟ್ ಹಾಕಿಸುತ್ತೇನೆ.
(ಗೃಹಿಣಿ, ಮದ್ದೂರು)

ಉತ್ತರ: ಸ್ವಲ್ಪ ನಿಜ ಅಕ್ಕಾ. ಆದರೆ ನೀವು ಮಾಡುತ್ತಿರುವುದು ಅದಕ್ಕಿಂತ ಜಾಸ್ತಿ ನಷ್ಟದ ಕೆಲಸ.

4000 ಅಗಲ, 3000 ಎತ್ತರದ ಫೋಟೊ ಅಂದರೆ 1.2 ಕೋಟಿ ಚುಕ್ಕಿಗಳು. ಇದನ್ನೇ 12 ಮೆಗಾಪಿಕ್ಸೆಲ್ ಎನ್ನುವುದು. ಆ ಅಡ್ಡ ಫೋಟೊವನ್ನು 1080 ಚುಕ್ಕಿ ಅಗಲದ ಪರದೆಯಲ್ಲಿ, ಫೋನ್ ನೆಟ್ಟಗೆ ಹಿಡಿದು ಸ್ಕ್ರೀನ್‌ಶಾಟ್ ಹೊಡೆದರೆ ನಿಮಗೆ ಸಿಗುವುದು 1080ಕ್ಕೆ 810. ಒಂಬತ್ತು ಲಕ್ಷ ಚುಕ್ಕಿಯೂ ಇಲ್ಲ. ಫೋನಿನಲ್ಲಿ ಚೆನ್ನಾಗೇ ಕಾಣುತ್ತದೆ. ಗೋಡೆಗೆ ಹಾಕುವ ಸೈಜಿಗೆ ಪ್ರಿಂಟ್ ಹಾಕಿಸಿದಾಗ ಮುಖಗಳು ಮಂಜಾಗುತ್ತವೆ.

ಜೆಪಿಜಿ ಫೋಟೊವನ್ನು 8ಕ್ಕೆ 8 ಚುಕ್ಕಿಗಳ ಚೌಕಗಳಾಗಿ ಒಡೆದು ಇಟ್ಟಿರುತ್ತಾರೆ. ಸಾಮಾನ್ಯವಾಗಿ ಎಡಿಟ್ ಮಾಡಿ ಸೇವ್ ಮಾಡಿದರೆ ಎಲ್ಲ ಬಿಚ್ಚಿ ಮತ್ತೆ ಒತ್ತುವುದರಿಂದ ಪ್ರತಿ ಸಲವೂ ಒಂಚೂರು ಹೋಗುತ್ತದೆ. ಒಂದೆರಡು ಸಲಕ್ಕೆ ಕಣ್ಣಿಗೆ ಕಾಣುವುದಿಲ್ಲ. ಲಾಸ್‌ಲೆಸ್ ಎನ್ನುವ ವಿಧಾನದಲ್ಲಿ ಚೌಕಗಳನ್ನು ಬಿಚ್ಚದೆ ಜಾಗ ಬದಲಿಸಿ, ಒಂದೊಂದನ್ನೂ ಹಾಗೇ ತಿರುಗಿಸುತ್ತಾರೆ, ಏನೂ ಹೋಗುವುದಿಲ್ಲ. ಅಗಲ ಮತ್ತು ಎತ್ತರ ಆ ಚೌಕಗಳಿಗೆ ಸರಿಯಾಗಿ ಭಾಗವಾಗದಿದ್ದರೆ ಮಾತ್ರ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಕಿತ್ತುಹೋಗಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಅಂದ ಹಾಗೆ, ಒಂದು ಕಾಗದಕ್ಕೆ ಒಂದೇ ಫೋಟೊ ಪ್ರಿಂಟ್ ಹಾಕಿಸುವುದಾದರೆ ಮಗುಚಿದ್ದರೆ ಏನಂತೆ? ಪ್ರಿಂಟ್ ತಿರುಗಿಸಿ ಹಿಡಿದರೆ ಆಯಿತಲ್ಲ! ನಾಲ್ಕೈದು ಫೋಟೊ ಸೇರಿಸಿ ಆಲ್ಬಮ್ ಪುಟವೋ ಕ್ಯಾಲೆಂಡರೋ ಮಾಡಿಸುವಾಗ ಮಾತ್ರ ಇದು ಕಾಡುತ್ತದೆ. ಸ್ಟುಡಿಯೋದವರಿಗೆ ಮೂಲ ಫೈಲನ್ನೇ ಕೊಡಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. 'ದಿಕ್ಕು ನೋಡ್ಕೊಂಡು ಹಾಕಿ' ಅಂತ ಒಂದು ಮಾತು ಹೇಳಿ.

ಪ್ರಶ್ನೆ: ಕೆಆರ್‌ಎಸ್ ಬೃಂದಾವನದ ಕಾರಂಜಿ ವಿಡಿಯೊ ತೆಗೆದೆ. ನೀರು ಮೇಲಿಂದ ಕೆಳಕ್ಕೆ ಚಿಮ್ಮುತ್ತಿದೆ!
(ಕಾಲೇಜು ವಿದ್ಯಾರ್ಥಿ, ಮೈಸೂರು)

ಉತ್ತರ: ವಿಡಿಯೊದಲ್ಲಿ ದಿಕ್ಕು ನಿಂತುಹೋಗುವುದು ಕೆಂಪು ಬಟನ್ ಒತ್ತಿದ ಕ್ಷಣಕ್ಕೆ. ಆಮೇಲೆ ಫೋನ್ ಹೇಗೆ ತಿರುಗಿಸಿದರೂ ಅದು ಬದಲಾಗುವುದಿಲ್ಲ. ಫೋನನ್ನು ಸರಿಯಾಗಿ ಹಿಡಿದು, ಒಂದು ಗಳಿಗೆ ಬಿಟ್ಟು ರೆಕಾರ್ಡ್ ಒತ್ತಿ. ಈಗಿರುವುದನ್ನು ಗೂಗಲ್ ಫೋಟೋಸ್‌ನ ಎಡಿಟ್‌ನಲ್ಲಿ ಎರಡು ಸಲ ತಿರುಗಿಸಿ ಪ್ರತಿ ಉಳಿಸಿ. ಕಂಪ್ಯೂಟರಿನಲ್ಲಿ ಸುಮ್ನೆ ನೋಡುವುದಕ್ಕೆ ಅಂದರೆ ವಿಎಲ್‌ಸಿ ಪ್ಲೇಯರ್ ಸಾಕು. ಅದರ ವಿಡಿಯೊ ಎಫೆಕ್ಟ್ಸ್‌ನಲ್ಲಿ ಜಿಯೊಮೆಟ್ರಿ ಅಂತ ಇದೆ, ಅಲ್ಲಿ 180 ಡಿಗ್ರಿ ಆರಿಸಿ. ಅದು ನೋಡುವ ಹೊತ್ತಿಗೆ ಮಾತ್ರ, ಫೈಲ್ ಬದಲಾಗುವುದಿಲ್ಲ.

ಪ್ರಶ್ನೆ: ಲೆನ್ಸ್ ಎಲ್ಲವನ್ನೂ ತಲೆಕೆಳಗಾಗಿಯೇ ತೋರಿಸುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದರು. ಹಾಗಾದರೆ ಮೊಬೈಲಿನ ಎಲ್ಲ ಫೋಟೊಗಳೂ ತಲೆಕೆಳಗೇ ಬರಬೇಕಲ್ಲ?
(ಪ್ರೌಢಶಾಲಾ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ)

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟೀ, ಕ್ಯಾಮೆರಾ ಲೆನ್ಸಿನ ಮಟ್ಟಿಗೆ ಮೇಷ್ಟ್ರು ಹೇಳಿದ್ದು ಸರಿ. ಬೆಳಕು ನೇರವಾಗಿ ಹೋಗುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಸಣ್ಣ ಕಿಂಡಿ ದಾಟಿದರೆ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ ಬೀಳುತ್ತದೆ. ಹಂಪಿಗೆ ಪ್ರವಾಸ ಹೋದರೆ ವಿರೂಪಾಕ್ಷ ದೇವಸ್ಥಾನದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಗೋಡೆಯಲ್ಲಿರುವ ಕಿಂಡಿಯಿಂದ ರಾಜಗೋಪುರದ ಚಿತ್ರ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಮೊಬೈಲಿನ ಲೆನ್ಸ್ ಹಿಂದೆ ಸೆನ್ಸರ್ ಮೇಲೂ ಚಿತ್ರ ಹಾಗೇ ಬೀಳುವುದು, ಪ್ರತಿ ಸಲವೂ. ಆದರೆ ಇದು ಯಾವಾಗಲೂ ಒಂದೇ ಥರ ಆಗುವುದರಿಂದ, ಸೆನ್ಸರಿನ ಚುಕ್ಕಿಗಳನ್ನು ಯಾವ ತುದಿಯಿಂದ ಓದಬೇಕು ಎಂದು ಫೋನ್ ಮಾಡುವವರೇ ಮೊದಲೇ ಹೊಂದಿಸಿರುತ್ತಾರೆ. ಹಾಗಾಗಿ ಆನೆ ಮಗುಚಿದ್ದಕ್ಕೂ ಲೆನ್ಸಿಗೂ ಸಂಬಂಧ ಇಲ್ಲ. ಲೆನ್ಸ್ ಮಾಡುವ ತಿರುವು ಯಾವತ್ತೂ ಬದಲಾಗಲ್ಲ, ನಾವು ಫೋನ್ ಹಿಡಿಯುವ ರೀತಿ ಬದಲಾಗುತ್ತದೆ.

ಪ್ರಶ್ನೆ: ಚಾಮುಂಡಿ ಬೆಟ್ಟದಲ್ಲಿ ಸೆಲ್ಫಿ ತೆಗೆದರೆ ಹಿಂದಿನ ಬೋರ್ಡಿನ ಕನ್ನಡ ಅಕ್ಷರಗಳು ಉಲ್ಟಾ ಬರುತ್ತವೆ. ತಿರುಗಿಸಿದರೂ ಸರಿಹೋಗಲಿಲ್ಲ.
(ಆಟೊ ಚಾಲಕರು, ಮೈಸೂರು)

ಉತ್ತರ: ಎಷ್ಟು ತಿರುಗಿಸಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕನ್ನಡಿಯ ಬಿಂಬ. ಎಡಬಲ ಅದಲುಬದಲಾಗಿದೆ. ಐಫೋನಿನಲ್ಲಿ ಸೆಟಿಂಗ್ಸ್‌ನ ಕ್ಯಾಮೆರಾದೊಳಗೆ 'ಮಿರರ್ ಫ್ರಂಟ್ ಕ್ಯಾಮೆರಾ' ಅಂತ ಇದೆ, ಅದನ್ನು ಆಫ್ ಮಾಡಿ. ಸ್ಯಾಮ್‌ಸಂಗ್‌ನಂಥ ಫೋನ್‌ಗಳಲ್ಲಿ ಸೆಲ್ಫಿಯನ್ನು 'ಕಂಡ ಹಾಗೇ ಉಳಿಸು' ಎಂಬರ್ಥದ ಆಯ್ಕೆ ಕ್ಯಾಮೆರಾ ಸೆಟಿಂಗ್ಸ್‌ನಲ್ಲಿರುತ್ತದೆ, ಅದನ್ನೂ ಆಫ್ ಮಾಡಬೇಕು. ಆಗಲೇ ತೆಗೆದ ಸೆಲ್ಫಿಗೆ ಎಡಿಟ್‌ನಲ್ಲಿ 'ಫ್ಲಿಪ್' ಒತ್ತಿ, ಅಕ್ಷರ ಓದಲು ಬರುತ್ತದೆ. ನಿಮ್ಮ ಬೈತಲೆ ಮಾತ್ರ ದಿನಾ ಕನ್ನಡಿಯಲ್ಲಿ ಕಾಣುವ ಕಡೆ ಇರಲ್ಲ.